ಗುಡ್ಡದೊಳಗಿನ ಕಾರಣಿಕ

ಕಾರಿಗುಡ್ಡದ ಹೊಟ್ಟೆಯೊಳಗೆ ಗಂಡಸರಿಗೆಂದು ಇದ್ದದ್ದು ಒಂದೇ ಶೌಚದ ಕೋಣೆ. ಅದರೊಳಗೆ ಉಳವಪ್ಪ ಮುನವಳ್ಳಿ ಒಂದು ಹನಿ ಮೂತ್ರ ಬೀಳಿಸದೆ ವರ್ಷದ ಮೇಲಾಗಿತ್ತು.

ಕಾರಿಗುಡ್ಡ ಸವದತ್ತಿಯ ಕಡೆಯ ಕಲ್ಲುಗುಡ್ಡ. ಅದರ ನೆತ್ತಿಯ ಮೇಲೊಂದು ಕೆರೆ, ಬುಡದಲ್ಲೊಂದು ಕೆರೆ. ಹಗಲು ಬಯಲಿನ ಸೌರಫಲಕಗಳು ಬೇಕಾದದ್ದಕ್ಕಿಂತ ಹೆಚ್ಚು ಕರೆಂಟು ಕೊಡುವಾಗ ಆ ಕರೆಂಟಿನಿಂದಲೇ ಕೆಳಗಿನ ನೀರನ್ನು ಮೇಲಕ್ಕೆತ್ತುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಅದೇ ನೀರನ್ನು ಗುಡ್ಡ ಕೊರೆದ ಕೊಳವೆಗಳಲ್ಲಿ ಕೆಳಕ್ಕೆ ಬಿಟ್ಟು, ಚಕ್ರ ತಿರುಗಿಸಿ, ನಾಲ್ಕು ಜಿಲ್ಲೆಗಳಿಗೆ ಬೆಳಕು ಕೊಡುತ್ತಿದ್ದರು. ಯಂತ್ರಗಳಿದ್ದದ್ದು ಗುಡ್ಡದ ಒಳಗೆ, ಉದ್ದನೆಯ ಸುರಂಗದ ತುದಿಯಲ್ಲಿ. ಹಿಂದೊಮ್ಮೆ ಕೊಳವೆ ಒಡೆದು ನೀರು ಸುರಂಗದ ಬಾಯಿಂದ ಹೊರನುಗ್ಗಿ ಕೆಳಗಿನ ವಸ್ತಿಯನ್ನೇ ಬಳಿದುಕೊಂಡು ಹೋಗಿತ್ತು. ಅಂದಿನಿಂದ ನೀರು ಹರಿಯುವಷ್ಟು ಹೊತ್ತೂ ಸುರಂಗದ ಉಕ್ಕಿನ ಬಾಗಿಲು ತೆರೆಯಬಾರದೆಂಬ ಕಟ್ಟಳೆ ಬಂತು. ನೀರು ಹಗಲೂ ಹರಿಯುತ್ತಿತ್ತು, ರಾತ್ರಿಯೂ ಹರಿಯುತ್ತಿತ್ತು. ಹಾಗಾಗಿ ವಾರಕ್ಕೊಮ್ಮೆ, ಸೋಮವಾರ ಮಧ್ಯಾಹ್ನ, ಯಂತ್ರಗಳು ತಣ್ಣಗಾಗುವಾಗ ಮಾತ್ರ ಬಾಗಿಲು ತೆರೆದುಕೊಳ್ಳುತ್ತಿತ್ತು. ಒಳಗಿದ್ದವರು ಹೊರಗೆ, ಹೊರಗಿದ್ದವರು ಒಳಗೆ. ಒಂದು ಪಾಳಿಗೆ ಮೂವರು. ಆ ಮೂವರ ಹಿರಿಯ ಉಳವಪ್ಪ. ವಯಸ್ಸು ಅರವತ್ತರ ಹತ್ತಿರ.

ಶೌಚದ ಕೋಣೆಯಲ್ಲಿ ಯಂತ್ರವೊಂದನ್ನು ಕೂರಿಸಿದ್ದರು. ಬೇಸಿನ್ನಿನ ತಳದಲ್ಲಿ ಉಗುರಗಲದ ಒಂದು ಬಿಲ್ಲೆ, ಗೋಡೆಯಲ್ಲೊಂದು ಸಣ್ಣ ಪರದೆ. ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ತಬ್ಬಿಕೊಂಡು, ದೊಡ್ಡ ನೆಲ್ಲಿಕಾಯಿ ಗಾತ್ರದ ಪ್ರಾಸ್ಟೇಟ್ ಗ್ರಂಥಿ ಇರುತ್ತದಲ್ಲ, ಅದರ ಜೀವಕೋಶಗಳು ಕಣ್ಣಿಗೆ ಕಾಣದ ಗುಳ್ಳೆಗಳನ್ನು ಉದುರಿಸುತ್ತಲೇ ಇರುತ್ತವೆ. ಮೂತ್ರದ ಜೊತೆ ಅವು ಹೊರಬರುತ್ತವೆ. ಕೋಶ ಹಾದಿ ತಪ್ಪಿದ್ದರೆ ಗುಳ್ಳೆಯೊಳಗಿನ ಬರಹವೂ ಬದಲಾಗಿರುತ್ತದೆ. ಬಿಲ್ಲೆ ಆ ಬರಹವನ್ನು ಓದುತ್ತಿತ್ತು. ಸೂಜಿ ಬೇಡ, ರಕ್ತ ಬೇಡ, ಡಾಕ್ಟರರ ಬೆರಳೂ ಬೇಡ. ಕ್ಯಾನ್ಸರು ಇನ್ನೂ ನಿದ್ದೆಗಣ್ಣಿನಲ್ಲಿರುವಾಗಲೇ ಅದನ್ನು ಹಿಡಿದು ಹೇಳುತ್ತಿತ್ತು. ಹಸಿರು ಬಂದರೆ ಏನೂ ಇಲ್ಲ. ಹಳದಿ ಬಂದರೆ ನೋಡಬೇಕು. ಕೆಂಪು ಬಂದರೆ ತಡಮಾಡಬಾರದು. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಎಲ್ಲರ ಎದುರು ಬಿಲ್ಲನ್ನೇರಿ ಕಾರಣಿಕವೆಂಬ ಭವಿಷ್ಯ ನುಡಿಯುವ ಗೊರವಯ್ಯನ ನೆನಪಾಗಿ, ಗುಡ್ಡದ ಮಂದಿ ಅದಕ್ಕೆ ‘ಕಾರಣಿಕದಜ್ಜ’ ಎಂದು ಹೆಸರಿಟ್ಟಿದ್ದರು. “ಅಜ್ಜ ಏನ್ ನುಡದಾ?” ಎಂದು ಒಬ್ಬರನ್ನೊಬ್ಬರು ಕೇಳಿ ನಗುತ್ತಿದ್ದರು.

ನಗು ನಿಂತದ್ದು ದಸ್ತಗೀರನಿಗೆ ಕೆಂಪು ಬಂದಾಗ. ಹಸಿರಲ್ಲದವರನ್ನು ಗುಡ್ಡದೊಳಗೆ ಕಳಿಸುವಂತಿಲ್ಲ, ವಾರದ ನಡುವೆ ಬಾಗಿಲು ತೆರೆಯುವುದಿಲ್ಲವಲ್ಲ. ಪಾಳಿಯ ಬೋರ್ಡಿನಲ್ಲಿ ದಸ್ತಗೀರ ನದಾಫ ಎಂಬ ಹೆಸರಿನ ಮುಂದೆ ‘ವಿಶ್ರಾಂತಿ’ ಎಂದು ಕೆಂಪು ಅಕ್ಷರ ಮೂಡಿತು. ಆ ಒಂದು ಪದದಿಂದ ಅಡುಗೆಯವನಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಅವನ ಒಳಗುಟ್ಟು ಗೊತ್ತಾಯಿತು. ಆ ಸೋಮವಾರ ಅವನು ಟೂಲ್‌ಬಾಕ್ಸ್ ಹೆಗಲಿಗೇರಿಸಿಕೊಂಡು ಸುರಂಗದಲ್ಲಿ ನಡೆದುಹೋಗುವಾಗ ಯಾರೂ ಏನೂ ಮಾತಾಡಲಿಲ್ಲ. ಇಪ್ಪತ್ತು ವರ್ಷ ಜೊತೆಗೆ ದುಡಿದಿದ್ದ ಉಳವಪ್ಪ ಕೂಡ ಮೀಟರಿನ ಕಡೆ ಮುಖ ಮಾಡಿ ನಿಂತಿದ್ದ.

ಶೌಚದ ಕೋಣೆಯ ಬಾಗಿಲ ಮೇಲೆ ಒಂದು ಸಾಲು ಬರೆದಿತ್ತು: ಒಳಗೆ ಬಂದವರು ತಪಾಸಣೆಗೆ ಒಪ್ಪಿದ್ದಾರೆಂದು ಭಾವಿಸಲಾಗುವುದು. ಬೇರೆ ಕೋಣೆಯೇ ಇಲ್ಲದ ಜಾಗದಲ್ಲಿ ಅದೆಂಥ ಒಪ್ಪಿಗೆ ಎಂದು ಉಳವಪ್ಪ ಯೋಚಿಸುತ್ತಿದ್ದ. ಹೊರಗೆ ಬಾಯಿಬಿಡುತ್ತಿರಲಿಲ್ಲ. ದಸ್ತಗೀರ ಹೋದ ಮರುವಾರದಿಂದ ಅವನು ಟ್ರಾನ್ಸ್‌ಫಾರ್ಮರ್ ಸ್ಟೋರಿನ ಹಿಂದೆ ನಿಂತು ಬಾಟಲಿಯಲ್ಲಿ ಮೂತ್ರ ಮಾಡತೊಡಗಿದ. ಅದನ್ನು ಒಯ್ದು ಪಂಪಿನ ಗಟಾರಿಗೆ ಚೆಲ್ಲುತ್ತಿದ್ದ. ಬೆಳಗಿನ ಕೆಲಸಕ್ಕೆ ಮಾತ್ರ ಕೋಣೆಗೆ ಹೋಗಲೇಬೇಕಿತ್ತು. ಹೋಗುವ ಮೊದಲು ಬಾಟಲಿಯಲ್ಲಿ ಎಲ್ಲ ಖಾಲಿ ಮಾಡಿ ಹೋಗುತ್ತಿದ್ದ. ಗೋಡೆಯ ಪರದೆ ‘ಮಾದರಿ ಸಾಲದು’ ಎಂದು ತೋರಿಸಿದರೆ ಅವತ್ತಿನ ಮಟ್ಟಿಗೆ ಉಸಿರು ಬಿಡುತ್ತಿದ್ದ. ಹೊಸ ಓದು ಬರುವವರೆಗೆ ಹಿಂದೆ ಬಂದಿದ್ದ ಹಸಿರೇ ನಡೆಯುತ್ತಿತ್ತು.

ಹೆದರಿಕೆಗೆ ಕಾರಣವಿತ್ತು. ಅವನ ಅಣ್ಣ ಈರಪ್ಪ ತೀರಿಕೊಂಡದ್ದು ಇದೇ ರೋಗದಿಂದ. ಸೊಂಟ ಹಿಡಿದಿದೆ ಎಂದು ಈರಪ್ಪ ಎರಡು ವರ್ಷ ಎಣ್ಣೆ ತಿಕ್ಕಿಸಿಕೊಂಡ, ಪಟ್ಟಿ ಕಟ್ಟಿಸಿಕೊಂಡ. ಗೊತ್ತಾಗುವಷ್ಟರಲ್ಲಿ ಅದು ಎಲುಬಿಗೆ ಇಳಿದಿತ್ತು. ಅಣ್ಣನಿಗೆ ಬಂದರೆ ತಮ್ಮನಿಗೂ ಬರುವ ಸಂಭವ ಹೆಚ್ಚು ಎಂದು ಡಾಕ್ಟರರು ಆಗಲೇ ಹೇಳಿದ್ದರು. ಆ ಮಾತು ಕೇಳಿದವನು ಓಡಿ ಹೋಗಿ ತೋರಿಸಿಕೊಳ್ಳಬೇಕಿತ್ತು. ಉಳವಪ್ಪ ಓಡಿದ್ದೇನೋ ನಿಜ, ಬೇರೆ ದಿಕ್ಕಿಗೆ.

*

ಗುಡ್ಡದ ಹೊರಗಿನ ವಾರಗಳಲ್ಲಿ ಅವನು ಮುರಗೋಡದ ಮನೆಯಲ್ಲಿರುತ್ತಿದ್ದ. ಹೆಂಡತಿ ಕಸ್ತೂರಿ ಮನೆಯ ಮುಂದಿನ ಖೋಲಿಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ನಾಲ್ಕು ಹೆಂಗಸರು ಸೇರಿ ಬೆಳಗಿನಿಂದ ಜೋಳದ ರೊಟ್ಟಿ ಬಡಿಯುವ ಸದ್ದು. ಆ ಸದ್ದಿನಲ್ಲಿ ಕೂತು ಚಹಾ ಕುಡಿಯುವುದೆಂದರೆ ಮೊದಲು ಅವನಿಗೆ ಹಬ್ಬ. ಈಗ ಅರ್ಧ ಕಪ್ ಬಿಟ್ಟು ಏಳುತ್ತಿದ್ದ.

“ಚಾ ಯಾಕ ಬಿಟ್ರಿ? ನೀರೂ ಕುಡ್ಯಾಂಗಿಲ್ಲ ಈಗೀಗ,” ಎಂದು ಒಂದು ದಿನ ಕಸ್ತೂರಿ ತಡೆದಳು.

“ರೂಢಿ ತಪ್ಪೇತಿ. ಒಳಗ ತಂಪ ಇರ್ತೈತಿ, ನೀರಡಿಕಿ ಆಗೂದಿಲ್ಲ.”

“ಮತ್ತ ರಾತ್ರಿ ಅಷ್ಟ್ ಸಲ ಯಾಕ ಏಳ್ತೀರಿ?”

“ವಯಸ್ಸಾತು.”

“ವಯಸ್ಸು ನಿಮಗೊಬ್ರಿಗೆ ಬಂದೈತೇನು?” ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. “ದಸ್ತಗೀರಣ್ಣ ಅರಾಮ ಆಗ್ಯಾನಂತ. ಗಾದಿ ಅಂಗಡ್ಯಾಗ ಕುಂದರ್ತಾನಂತ. ಒಮ್ಮೆರ ಹೋಗಿ ಮಾತಾಡಿಸಿ ಬರ್ರಿ. ಜೀವದ ಗೆಳ್ಯಾ ಅಂತಿದ್ರಿ.”

“ಹೋಗ್ತೀನಿ ಬಿಡು. ಹೇಳಿದ್ದ ಹೇಳಬ್ಯಾಡ,” ಎಂದು ಉಳವಪ್ಪ ಗದರಿಬಿಟ್ಟ. ಒಳಗೆ ರೊಟ್ಟಿ ಬಡಿಯುತ್ತಿದ್ದ ಕೈಗಳು ಒಂದು ಗಳಿಗೆ ನಿಂತು ಮತ್ತೆ ಶುರುವಾದವು.

ಹೋಗಲಿಲ್ಲ. ದಸ್ತಗೀರನ ಅಂಗಡಿಯಿದ್ದ ಓಣಿ ತಪ್ಪಿಸಿ ಸುತ್ತು ಹಾಕಿ ಸಂತೆಗೆ ಹೋಗುತ್ತಿದ್ದ. ಮನೆಯಲ್ಲಿದ್ದರೆ ಕಸ್ತೂರಿಯ ಕಣ್ಣು, ಗುಡ್ಡದಲ್ಲಿದ್ದರೆ ಅಜ್ಜನ ಕಣ್ಣು. ಎಲ್ಲಿ ನಿಂತರೂ ಹೊಟ್ಟೆಯ ಕೆಳಗಿನ ಆ ಭಾರ ಅವನ ಜೊತೆಗೇ ನಿಲ್ಲುತ್ತಿತ್ತು.

*

ಆ ವರ್ಷದ ಏಪ್ರಿಲ್ಲಿನಲ್ಲಿ ಬಿಸಿಲು ಮನುಷ್ಯರನ್ನು ಹುರಿಯುವಂತಿತ್ತು. ಊರೂರಿನ ಶಾಲೆಗಳಲ್ಲಿ ತಂಪು ಯಂತ್ರ ಹಾಕಿ, ಮುದುಕರನ್ನೂ ಬಾಣಂತಿಯರನ್ನೂ ಅಲ್ಲಿ ಮಲಗಿಸುತ್ತಿದ್ದರು. ಸಂಜೆ ಸೂರ್ಯ ಇಳಿದರೂ ಸೆಖೆ ಇಳಿಯುತ್ತಿರಲಿಲ್ಲ. ಆ ಹೊತ್ತಿನ ತಂಪೆಲ್ಲ ಕಾರಿಗುಡ್ಡದ ನೀರಿನಿಂದ. ಯಂತ್ರ ಸಂಜೆಯ ಹೊತ್ತು ಒಂದು ತಾಸು ನಿಂತರೂ ಎಷ್ಟು ಜನ ಉಸಿರುಗಟ್ಟುತ್ತಾರೆಂದು ಒಳಗಿದ್ದವರಿಗೆ ಹೇಳಬೇಕಾಗಿರಲಿಲ್ಲ.

ಉಳವಪ್ಪನ ಜೊತೆ ಆ ವಾರ ಒಳಗಿದ್ದವರು ಇಬ್ಬರು. ಎಲೆಕ್ಟ್ರಿಷಿಯನ್ ಗದಿಗೆಪ್ಪ ಐವತ್ತು ದಾಟಿದ ಮಿತಭಾಷಿ. ಇನ್ನೊಬ್ಬಳು ಸಂಪದಾ, ಗೋಕಾಕ ಕಡೆಯವಳು, ಪಂಪಿನ ಮೆಕ್ಯಾನಿಕ್. ಪ್ರಥಮ ಚಿಕಿತ್ಸೆಯ ತರಬೇತಿಯೂ ಅವಳಿಗೇ ಆಗಿತ್ತು. ಒಳಗಿನ ತಂಪು ಗಾಳಿಗೆ ಉಳವಪ್ಪನಿಗೆ ಮೂಗು ಕಟ್ಟಿತ್ತು. ಗದಿಗೆಪ್ಪ ಕೊಟ್ಟ ನೆಗಡಿಯ ಗುಳಿಗೆಯನ್ನು ಎರಡು ದಿನದಿಂದ ನುಂಗುತ್ತಿದ್ದ.

ಗುರುವಾರ ಬೆಳಿಗ್ಗೆ ಸ್ಟೋರಿನ ಹಿಂದೆ ಹೋಗಿ ನಿಂತ. ಮೂತ್ರ ಬರಲಿಲ್ಲ. ಅವಸರ ಮಾಡಬಾರದು ಎಂದುಕೊಂಡು ವಾಪಸು ಬಂದ. ಇನ್ನೊಮ್ಮೆ ಹೋದ. ನಾಲ್ಕು ಹನಿ. ಹೊತ್ತು ಮುಳುಗಿ ಮೇಲಿನ ಕೆರೆಯ ಗೇಟು ತೆಗೆಯುವ ವೇಳೆಗೆ ಹೊಟ್ಟೆಯ ಕೆಳಭಾಗ ಕಲ್ಲಾಗಿತ್ತು. ಅವನು ಪ್ಯಾನೆಲ್ಲಿನ ಮುಂದೆ ಕೂತು ಗುಂಡಿ ಒತ್ತಿದ. ಗುಡ್ಡದ ಗೋಡೆ ನಡುಗಿತು, ನೀರು ಇಳಿಯಿತು, ಚಕ್ರಗಳು ತಿರುಗಿದವು. ನೀರು ಒತ್ತುತ್ತಿರುವಾಗ ಗೇಟು ತೆರೆಯದಿದ್ದರೆ ಕೊಳವೆಗೆ ಏನಾಗುತ್ತದೆ ಎಂಬುದನ್ನು ಮೂವತ್ತು ವರ್ಷ ಕಲಿತವನು ಅವನು. ಅದೇ ಈಗ ತನ್ನೊಳಗೆ ನಡೆಯುತ್ತಿತ್ತು.

“ಸರ, ಮಾರಿ ಯಾಕ ಹಿಂಗ ಆಗೈತಿ? ಬೆವರು ಹನಿ ಹನಿ ಸುರಿಯಾಕತ್ತೈತಿ,” ಎಂದಳು ಸಂಪದಾ.

“ನೆಗಡಿ. ನೀ ಪ್ರೆಶರ್ ನೋಡು.”

ಆಮೇಲೆ ಅವನು ಎದ್ದು, ಗೋಡೆ ಹಿಡಿದುಕೊಂಡು ಹೋದ. ಬಹಳ ಹೊತ್ತು ಬರಲಿಲ್ಲ. ಸಂಪದಾ ಹುಡುಕಿಕೊಂಡು ಹೋದಾಗ ಸ್ಟೋರಿನ ಹಿಂದೆ ಅವನು ಮೊಣಕಾಲೂರಿ ಬಗ್ಗಿದ್ದ. ಖಾಲಿ ಬಾಟಲಿ ಪಕ್ಕದಲ್ಲಿ ಉರುಳಿತ್ತು. ಅವಳನ್ನು ನೋಡಿ ಅದನ್ನು ಕಾಲಿನಿಂದ ಮರೆಮಾಡಲು ಹೋದ. ಆಗಲಿಲ್ಲ.

“ಎಷ್ಟೊತ್ತಾತ್ರಿ?”

“ಬೆಳಿಗ್ಗಿಂದ.” ಹಲ್ಲು ಕಚ್ಚಿ ಹೇಳಿದ. “ಬರಾಕತ್ತಿಲ್ಲವ್ವಾ. ತುಂಬಿ ಒಡಿಯೂ ಹಂಗ ಆಗೈತಿ.”

ಅವಳು ಬಾಟಲಿ ನೋಡಿದಳು, ಅವನನ್ನು ನೋಡಿದಳು. ಅರ್ಥವಾಗಿರಬೇಕು, ಆದರೆ ಕೇಳಲಿಲ್ಲ. “ನೀರು ನಿಲ್ಲಸೂಣ್ರಿ ಸರ. ಬಾಗಲಾ ತಗಸೂಣು.”

“ಹುಚ್ಚಿ! ಈ ಹೊತ್ತಿನ್ಯಾಗ ನೀರು ನಿಂತ್ರ ಶಾಲ್ಯಾಗ ಮಲಗಿದ ಮುದುಕರ ಗತಿ ಏನು? ನನ್ನ ಒಂದು ಉಚ್ಚಿ ಸಲುವಾಗಿ ಊರ ಸಾಯಬೇಕೇನು?”

ಬಾಗಿಲು ತೆರೆಯುವ ಅಧಿಕಾರವಿದ್ದದ್ದು ಅವನೊಬ್ಬನಿಗೇ. ತೆರೆಯಬಾರದೆಂದು ಹೇಳುತ್ತಿರುವವನೂ ಅವನೇ. ಸಂಪದಾ ಗದಿಗೆಪ್ಪನನ್ನು ಕೂಗಿ ಪ್ಯಾನೆಲ್ಲಿನ ಮುಂದೆ ಕೂರಿಸಿದಳು. ಉಳವಪ್ಪನನ್ನು ವಿಶ್ರಾಂತಿಯ ಕೋಣೆಗೆ ನಡೆಸಿಕೊಂಡು ಹೋಗಿ ಪರದೆಯ ಮೇಲೆ ಹೊರಗಿನ ಡಾಕ್ಟರರನ್ನು ಹಿಡಿದಳು.

ಡಾಕ್ಟರ್ ಕೌಜಲಗಿ ಕನ್ನಡಕ ಮೇಲೇರಿಸಿ, ಹೊಟ್ಟೆ ಒತ್ತಿ ತೋರಿಸಲು ಹೇಳಿದರು. “ಏನರ ಹೊಸಾ ಗುಳಿಗಿ ತಗೊಂಡೀರಿ?”

“ನೆಗಡೀದು.”

“ಅದ ನೋಡ್ರಿ. ಗ್ರಂಥಿ ಮೊದ್ಲ ಬೀಗಿರಬೇಕು. ನೆಗಡಿ ಗುಳಿಗಿ ಮೂತ್ರಕೋಶದ ಬಾಯಿ ಬಿಗದೈತಿ. ಬಾಗಲಾ ತಗಿಯೂದು ಸೋಮವಾರ ಅಲ್ಲ? ಅಲ್ಲೀತನ ತಡಿಯಾಕ ಆಗೂದಿಲ್ಲ, ಕಿಡ್ನಿ ಕೆಡ್ತಾವು. ಔಷಧಿ ಪೆಟ್ಟಿಗ್ಯಾಗ ಮೂತ್ರ ತಗಿಯೂ ನಳಿಗಿ ಐತಿ. ಹಾಕಬೇಕು. ನಾ ಹೇಳ್ಕೋತ ಹೋಗ್ತೀನಿ.”

ಸಂಪದಾ ಬಾಗಿಲಿಗೆ ಹೋಗಿ ಗದಿಗೆಪ್ಪನನ್ನು ಕೇಳಿದಳು. ಗಂಡಸಿನ ಕೆಲಸ ಗಂಡಸು ಮಾಡಿದರೆ ಸರಿಯೆಂದು ಅವಳಿಗೂ ಅನಿಸಿತ್ತು. ಗದಿಗೆಪ್ಪ ಎದ್ದು ಬಂದ. ನಳಿಕೆ ನೋಡಿದ. “ನನ್ನ ಕೈಲೆ ಆಗೂದಿಲ್ಲವ್ವಾ. ಬ್ಯಾಡ,” ಎಂದು ತಿರುಗಿ ಹೋಗಿ ಮೀಟರುಗಳ ಮುಂದೆ ಕೂತುಬಿಟ್ಟ.

ಸಂಪದಾ ಕೈ ತೊಳೆದು ಗ್ಲೌಸು ಹಾಕಿಕೊಂಡಳು. ರಬ್ಬರಿನ ಗೊಂಬೆಯ ಮೇಲೆ ಒಮ್ಮೆ ಮಾಡಿದ್ದು ಬಿಟ್ಟರೆ ಅವಳಿಗೂ ಅನುಭವವಿರಲಿಲ್ಲ. ಉಳವಪ್ಪ ಹೊದಿಕೆಯನ್ನು ಎರಡೂ ಕೈಯಿಂದ ಹಿಡಿದಿದ್ದ.

“ಯವ್ವಾ, ಬ್ಯಾಡ. ನಿನ್ನ ಮುಂದ ಹ್ಯಾಂಗ…”

“ಸರ, ಮೊದಲ ಸಲ ಪಂಪಿನ್ಯಾಗ ಕೈ ಹಾಕಿಸಿದಾಗ ನೀವ ಏನ್ ಹೇಳಿದ್ರಿ? ಕಣ್ಣು ಕೆಲಸದ ಮ್ಯಾಲ ಇರ್ಲಿ ಅಂದಿದ್ರಿ. ನನ್ನ ಕಣ್ಣು ಅಲ್ಲೇ ಇರ್ತಾವು. ನೀವು ನಿಮ್ಮ ಮಾರಿ ಮುಚ್ಕೊಳ್ರಿ.”

ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಕತ್ತಲಲ್ಲಿ ಡಾಕ್ಟರರ ದನಿ ಕೇಳುತ್ತಿತ್ತು: ನಿಧಾನ, ಇನ್ನೊಂದಿಷ್ಟು, ಒತ್ತಬ್ಯಾಡ, ಅವರಿಗೆ ಉಸಿರು ಬಿಡಾಕ ಹೇಳು, ಈಗ ದೂಡು. ಒಂದು ಕಡೆ ತಡೆಯಿತು. ಉಳವಪ್ಪ ಕೂಗಿಕೊಂಡ. ಆ ಕೂಗು ಚಕ್ರಗಳ ಸದ್ದಿನಲ್ಲಿ ಮುಳುಗಿತು. ಸಂಪದಾಳ ಕೈ ನಿಂತಿತು, ಮತ್ತೆ ಹೊರಟಿತು. ಆಮೇಲೆ ಒಮ್ಮೆಲೇ ಬಿಗಿ ಬಿಚ್ಚಿತು. ಚೀಲದಲ್ಲಿ ನೀರು ಬೀಳುವ ಸಣ್ಣ ಸದ್ದು. ಬಿದ್ದೇ ಬಿತ್ತು. ಅವನಿಗೆ ಅಳು ಬಂತು. ನೋವು ಹೋದದ್ದಕ್ಕೋ, ಮಾನ ಹೋದದ್ದಕ್ಕೋ ತಿಳಿಯಲಿಲ್ಲ. ಟವೆಲ್ಲು ತೆಗೆಯದೆ ಅತ್ತ.

ಚೀಲ ತುಂಬಿದಾಗ ಸಂಪದಾ ಅದನ್ನು ಹಿಡಿದು ನಿಂತು ಕೇಳಿದಳು. “ಇದನ್ನ ಎಲ್ಲಿ ಚೆಲ್ಲಲಿರಿ ಸರ? ಗಟಾರಕ್ಕ ಅಂದ್ರ ಗಟಾರಕ್ಕ. ನಾ ಯಾರಿಗೂ ಹೇಳೂದಿಲ್ಲ.”

ಉಳವಪ್ಪ ಮುಖದ ಮೇಲಿನ ಟವೆಲ್ಲು ತೆಗೆದ. ಇಷ್ಟು ದಿನ ಮುಚ್ಚಿಟ್ಟದ್ದರಲ್ಲಿ ಇನ್ನು ಮುಚ್ಚಲು ಉಳಿದದ್ದಾದರೂ ಏನು? “ಅಜ್ಜನ ಮುಂದ ಚೆಲ್ಲು,” ಎಂದ. “ಏನ್ ನುಡೀತಾನೋ ನುಡೀಲಿ. ಸಾಕಾಗೇತಿ ನನಗ.”

ಪರದೆಯಿಂದ ಕೌಜಲಗಿ ತಲೆಯಾಡಿಸಿದರು. “ಈಗ ಬ್ಯಾಡ್ರಿ. ಮೂತ್ರ ಕಟ್ಟಿ, ನಳಿಗಿ ಹಾಕಿ, ಗ್ರಂಥಿನ ಕೆಣಕೀವಿ. ಈಗ ಓದಿದ್ರ ಸುಳ್ಳು ಕೆಂಪು ಬರ್ತೈತಿ. ಒಂದೂವರಿ ತಿಂಗಳ ತಡೀಬೇಕು.”

“ಮತ್ತ ಇದು ಕ್ಯಾನ್ಸರ್ ಅಲ್ಲೇನು?”

“ಬೀಗೂದು ಬ್ಯಾರೆ, ಕ್ಯಾನ್ಸರ್ ಬ್ಯಾರೆ. ವಯಸ್ಸಾದ ಗಂಡಸರಿಗೆ ಬಹಳ ಮಂದಿಗೆ ಬೀಗ್ತೈತಿ. ಎರಡೂ ಒಂದ ಮನ್ಯಾಗ ಇರಬಹುದು, ಇರದ ಇರಬಹುದು. ನಿಮ್ಮ ಅಣ್ಣಗ ಕ್ಯಾನ್ಸರ್ ಇತ್ತಂತ ಫೈಲಿನ್ಯಾಗ ಐತಿ. ಅದಕ್ಕ ನೋಡಬೇಕು. ಆದ್ರ ಈಗಲ್ಲ.”

ವರ್ಷಕ್ಕೂ ಮೇಲೆ ತಪ್ಪಿಸಿಕೊಂಡು ಓಡಾಡಿದವನು ಕೊನೆಗೆ ಬಂದು ಕದ ತಟ್ಟಿದರೆ ಕದ ತೆರೆಯಲಿಲ್ಲ. ಸೋಮವಾರದವರೆಗೆ ಅವನು ಕಾಲಿಗೆ ಚೀಲ ಕಟ್ಟಿಕೊಂಡೇ ಪ್ಯಾನೆಲ್ಲಿನ ಮುಂದೆ ಕೂತ. ಊರುಗಳಿಗೆ ಕರೆಂಟು ಹೋಯಿತು.

*

ಮನೆಗೆ ಬಂದ ಮೇಲೆ ಕಸ್ತೂರಿಗೆ ಬಾಟಲಿಯ ವಿಷಯವನ್ನೂ ಹೇಳಿದ. ಚೀಲ ನೋಡಿ ಗಾಬರಿಯಾಗದವಳು ಆ ಮಾತಿಗೆ ಕೆಂಡವಾದಳು. ರೊಟ್ಟಿಯ ಹೆಂಗಸರನ್ನು ಮನೆಗೆ ಕಳಿಸಿ ಬಾಗಿಲು ಮುಂದೆ ಮಾಡಿ ಬಂದು ಕೂತಳು.

“ಈರಪ್ಪ ಭಾವನ ಹಾಸಿಗಿ ಕಡೀಕ ಯಾರ ಕುಂತಿದ್ರು? ನಾ ಕುಂತಿದ್ದೆ. ಅವರ ಎಲುಬಿನ ನೋವು ಕಣ್ಣಾರೆ ನೋಡೀನಿ ನಾನು. ಅಷ್ಟಾದ ಮ್ಯಾಲೂ ನೀವು ಬಾಟ್ಲಿ ಹಿಡಕೊಂಡು ಮೂಲ್ಯಾಗ ನಿಂತ್ರಿ!”

“ಹೆದರಿಕಿ ಇತ್ತು ಕಸ್ತೂರಿ.”

“ಇರ್ಲಿ. ಹೆದರಾಕರ ನನಗೊಂದು ಪಾಲು ಕೊಡಬೇಕಿತ್ತಿಲ್ಲ? ಒಬ್ರ ಎಲ್ಲಾ ನುಂಗಿದ್ರಿ.”

ಅವಳು ಎದ್ದು ಹೋಗಿ ಒಂದು ಚರಿಗೆ ನೀರು ತಂದು ಎದುರಿಗಿಟ್ಟು, ಅವನು ಪೂರ್ತಿ ಕುಡಿಯುವವರೆಗೂ ಅಲ್ಲೇ ನಿಂತಳು.

ಚೀಲ ಹೋಯಿತು. ಗುಳಿಗೆಗಳಿಂದ ಮೂತ್ರ ಸಲೀಸಾಯಿತು. ಉಳಿದದ್ದು ಕಾಯುವುದು. ದಿನಗಳು ಎಳೆದರೂ ಮುಂದೆ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ಸುತ್ತು ಹಾಕದೆ ನೇರ ಗಾದಿ ಅಂಗಡಿಯ ಓಣಿಗೆ ಹೋದ. ದಸ್ತಗೀರ ಹತ್ತಿಯ ರಾಶಿಯ ನಡುವೆ ಕೂತು ಗಾದಿ ಹೊಲಿಯುತ್ತಿದ್ದ. ತೆಳ್ಳಗಾಗಿದ್ದ. ತಲೆ ಎತ್ತಿ ನೋಡಿದ, ಸೂಜಿ ನಿಲ್ಲಿಸಲಿಲ್ಲ.

“ಬಾ. ಕುಂದರು. ಹಾದಿ ತಪ್ಪಿ ಬಂದ್ಯೋ ಏನು?”

“ತಪ್ಪಿಸಿಕೊಂಡು ಅಡ್ಡಾಡಿ ಸಾಕಾಗಿ ಬಂದೀನಿ.”

ಉಳವಪ್ಪ ಎಲ್ಲ ಹೇಳಿದ. ದಸ್ತಗೀರ ಕೇಳಿಸಿಕೊಂಡು ಚಹಾ ತರಿಸಿದ.

“ನಿನಗ ಹ್ಯಾಂಗೈತಿ? ಖರೇ ಹೇಳು,” ಎಂದ ಉಳವಪ್ಪ.

“ಖರೇ ಹೇಳ್ಲಿ? ಗ್ರಂಥಿ ತಗದ್ರು. ಮೊದಲ ಮೊದಲ ಸೀನಿದ್ರೂ ಹನೀತಿತ್ತು. ಅರಿವಿ ಮಡಚಿ ಇಟ್ಕೊಂತಿದ್ದೆ. ಈಗ ಕಡಿಮಿ ಆಗೈತಿ. ಹಾಸಿಗಿ ಮಾತು ಕೇಳಬ್ಯಾಡ, ಗಾದಿ ಮಾರಾಂವ ಆದ್ರೂ ಅದಿನ್ನಾ ಅರ್ಧಾ ದಾರ್ಯಾಗ ಐತಿ.” ಅವನು ನಕ್ಕ, ಆಮೇಲೆ ನಗು ಇಳಿಸಿದ. “ಆದ್ರ ಜೀವಂತ ಅದೀನಿ. ಅಜ್ಜ ಹೇಳಿರದಿದ್ರ ಇಷ್ಟೊತ್ತಿಗೆ ನಿಮ್ಮಣ್ಣನ ಹಾದಿ ಹಿಡೀತಿದ್ದೆ. ಅಜ್ಜನ ಮ್ಯಾಲ ಸಿಟ್ಟಿಲ್ಲ ನನಗ. ಬೋರ್ಡಿನ ಮ್ಯಾಲ ಐತಿ. ಅದರಾಗ ಹೆಸರು ಬಂದ ಮ್ಯಾಲ ಗುಡ್ಡದಾವ್ರು ಒಬ್ರೂ ಈ ಹೊಸ್ತಲಾ ತುಳೀಲಿಲ್ಲ. ಏನ ಅಂಟುರೋಗ ಬಂದಿತ್ತೇನು ನನಗ?”

ಉಳವಪ್ಪ ಚಹಾದ ಲೋಟ ಕೆಳಗಿಟ್ಟ. ಎದ್ದು ಹೋಗಬೇಕೆನಿಸಿತು, ಹೋಗಲಿಲ್ಲ. ಸೂಜಿಗೆ ದಾರ ಪೋಣಿಸಿ ಕೊಡುತ್ತ ಸಂಜೆಯವರೆಗೆ ಅಲ್ಲೇ ಕೂತ.

*

ಒಂದೂವರೆ ತಿಂಗಳಾದ ಮೇಲೆ ಕೌಜಲಗಿಯವರ ದವಾಖಾನೆಯಲ್ಲಿ ಅಂಥದೇ ಬಿಲ್ಲೆಯಿಂದ ಮೂತ್ರ ಓದಿಸಿದರು. ಹಳದಿ ಬಂತು. ಸ್ಕ್ಯಾನು ಮಾಡಿ, ಗ್ರಂಥಿಯ ಚೂರು ತೆಗೆದು ನೋಡಿದರು. ಕ್ಯಾನ್ಸರು ಇತ್ತು, ಸಾಸಿವೆಯಷ್ಟು, ಗ್ರಂಥಿಯ ಗೋಡೆಯೊಳಗೇ.

“ತೆಗದ ಬಿಡ್ರಿ,” ಎಂದ ಉಳವಪ್ಪ ಕೂತಲ್ಲಿಂದ ಅರ್ಧ ಎದ್ದು.

“ತೆಗೀಬಹುದು. ಆದ್ರ ಇವತ್ತ ತೆಗೀಬೇಕಂತೇನಿಲ್ಲ. ಎಲ್ಲಾ ಕ್ಯಾನ್ಸರ್ ಒಂದ ಜಾತಿದಲ್ಲ. ಇದು ಮೈಗಳ್ಳ ಜಾತಿ. ಇಪ್ಪತ್ತು ವರ್ಷ ಹಿಂಗ ಮಲಗಿರಬಹುದು. ನೀವು ನೂರು ವರ್ಷ ಬದುಕಿದ್ರೂ ಇದರಿಂದ ಸಾಯದಿರಬಹುದು. ಕೆಲವು ತಿಂಗಳಿಗೊಮ್ಮೆ ನೋಡ್ಕೋತ ಹೋಗೂಣು. ಮಿಸುಕಿದ್ರ ಆಗ ತೆಗಿಯೂಣು.”

“ಅಂದ್ರ ನಾ ಅರಾಮ ಅದೀನೋ, ರೋಗಿ ಅದೀನೋ?”

ಡಾಕ್ಟರರು ಕನ್ನಡಕ ತೆಗೆದು ಒರೆಸಿದರು. “ಅದಕ್ಕ ನಮ್ಮ ಕಡೆ ಇನ್ನಾ ಒಂದು ಚೊಲೋ ಶಬ್ದ ಇಲ್ರಿ.”

“ಕಳ್ಳನ್ನ ಮನ್ಯಾಗಿಟ್ಕೊಂಡು ಹ್ಯಾಂಗ ಮಲಗೂದ್ರಿ ಡಾಕ್ಟ್ರ?”

ಕಸ್ತೂರಿ ಅವನ ತೋಳು ಹಿಡಿದು ಕೂರಿಸಿದಳು. ಮಿಸುಕಿದ್ದು ಹೆಂಗ ಗೊತ್ತಾಗ್ತೈತಿ, ಗೊತ್ತಾದ ಮ್ಯಾಲ ವ್ಯಾಳ್ಯಾ ಇರ್ತೈತೇನು, ತಗಿಸಿದ್ರ ಏನೇನು ಕಳಕೋಬೇಕು ಎಂದು ಒಂದೊಂದಾಗಿ ಕೇಳಿದಳು. ಉತ್ತರಗಳನ್ನು ಕೇಳಿಸಿಕೊಂಡು ಅವನ ಕಡೆ ತಿರುಗಿದಳು. “ಕಳ್ಳ ಅದಾನಂತ ಗೊತ್ತೈತಲ್ಲ, ಅದು ಚೊಲೋ. ಪಾಳಿ ಮ್ಯಾಲ ಕಾಯೂಣು. ಒಂದಿನ ನೀವು, ಒಂದಿನ ನಾನು.”

ಕಾಯುವುದೆಂದು ನಿಶ್ಚಯವಾಯಿತು. ಆದರೆ ಕಟ್ಟಳೆಯ ಪ್ರಕಾರ ಹಳದಿಯವನಿಗೆ ಗುಡ್ಡದ ಬಾಗಿಲು ಮುಚ್ಚಿತ್ತು. ಉಳವಪ್ಪನನ್ನು ಸುರಂಗದ ಹೊರಗಿನ ನಿಯಂತ್ರಣ ಕೋಣೆಗೆ ಹಾಕಿದರು. ಗಾಜಿನ ಗೋಡೆ, ಎದುರಿಗೆ ಸಾಲು ಪರದೆಗಳು, ಅವುಗಳಲ್ಲಿ ಗುಡ್ಡದ ಒಳಗು. ಮೂವತ್ತು ವರ್ಷ ಒಳಗೆ ಸಿಕ್ಕಿಕೊಂಡೆನೆಂದು ಗೊಣಗಿದವನಿಗೆ ಈಗ ಹೊರಗೆ ಸಿಕ್ಕಿಕೊಂಡಂತಾಯಿತು. ಬಯಲಿನ ಬೆಳಕಿನಲ್ಲಿ ಕೂತಿದ್ದರೂ ತನ್ನ ಮೈಯೊಳಗಿನ ಆ ಸಾಸಿವೆಯ ಸುತ್ತಲೇ ಮನಸ್ಸು ತಿರುಗುತ್ತಿತ್ತು. ಇಂದು ಮಲಗಿದೆಯೋ, ಎದ್ದಿದೆಯೋ?

ಹೊಸ ಜಾಗಕ್ಕೆ ಬಂದ ಮೊದಲ ಸೋಮವಾರ ಒಳಗಿನಿಂದ ಸಂಪದಾ ಫೋನಿನಲ್ಲಿ ಮಾತಾಡಿದಳು. ದನಿ ತಗ್ಗಿಸಿದ್ದಳು.

“ಸರ, ಟ್ರಾನ್ಸ್‌ಫಾರ್ಮರ್ ಸ್ಟೋರು ಸ್ವಚ್ಛ ಮಾಡಿದೆ. ನಾಕ ಬಾಟ್ಲಿ ಸ್ಕ್ರಾಪಿನ ಹಿಂದ ಸಿಕ್ವು.”

“ಅದು ನಂದವ್ವಾ. ಚೆಲ್ಲಿಬಿಡು.”

“ನಿಮ್ದು ಒಂದ ಅಲ್ರೀ ಸರ? ಉಳದ ಮೂರು ಯಾರವು? ಪಂಪಿನ ಗಟಾರ ನೀವು ಹೋದ ಮ್ಯಾಲೂ ನಾರಾಕತ್ತೈತಿ.”

ಉಳವಪ್ಪ ಫೋನು ಕೆಳಗಿಟ್ಟು ಪರದೆಗಳ ಕಡೆ ತಿರುಗಿದ. ತನ್ನಂತೆಯೇ ಆ ಕತ್ತಲ ಮೂಲೆಗೆ ಬೇರೆ ಬೇರೆ ಹೊತ್ತಿನಲ್ಲಿ ಬಂದು, ಒಬ್ಬರಿಗೊಬ್ಬರು ಗೊತ್ತಾಗದಂತೆ ನಿಂತು ಹೋಗುತ್ತಿದ್ದ ಗಂಡಸರು. ಯಾವ ಪಾಳಿಯವರೋ. ಎಷ್ಟು ವರ್ಷದಿಂದಲೋ. ಅವರಲ್ಲಿ ಯಾರೊಳಗೆ ಹಸಿರಿದೆ, ಯಾರೊಳಗೆ ಕೆಂಪಿದೆ ಎಂದು ಅಜ್ಜನಿಗೂ ಗೊತ್ತಿಲ್ಲ.

ಬಾಗಿಲು ಮುಚ್ಚುವ ಮೊದಲು ಹಳೆಯ ಪಾಳಿ, ಹೊಸ ಪಾಳಿ ಎರಡೂ ಒಳಗೆ ಕೂಡಿರುತ್ತಿದ್ದವು. ಬೋರ್ಡಿನಲ್ಲಿ ಅವನ ಹೆಸರಿನ ಮುಂದೆ ಆಗಲೇ ಹಳದಿ ಅಕ್ಷರ ಮೂಡಿತ್ತು. ಪರದೆಯಲ್ಲಿ ಕಂಡಿತು, ಎಲ್ಲರೂ ಅದನ್ನು ನೋಡಿ, ನೋಡದವರಂತೆ ಬೇರೆ ಕಡೆ ತಿರುಗುತ್ತಿದ್ದರು. ಉಳವಪ್ಪ ಧ್ವನಿವರ್ಧಕದ ಗುಂಡಿ ಒತ್ತಿದ. ತುರ್ತಿನ ಹೊತ್ತಿಗೆಂದು ಇಟ್ಟದ್ದು, ಸುರಂಗದ ಉದ್ದಕ್ಕೂ ಕೇಳಿಸುತ್ತಿತ್ತು.

“ನಾ ಉಳವಪ್ಪ ಮಾತಾಡಾಕತ್ತೀನಿ. ಬೋರ್ಡು ನೋಡಿರಿ. ಅದು ಅರ್ಧಾ ಹೇಳ್ತೈತಿ, ಉಳದದ್ದು ನಾ ಹೇಳ್ತೀನಿ.” ಅವನು ಪಕ್ಕದ ಲೋಟ ಎತ್ತಿ ನೀರು ಕುಡಿದ. “ನನಗ ಪ್ರಾಸ್ಟೇಟ್ ಕ್ಯಾನ್ಸರ್ ಐತಿ. ಸಣ್ಣದು. ಇವತ್ತಿಗೆ ಏನೂ ಮಾಡೂದು ಬ್ಯಾಡ, ಕಾಯಿರಿ ಅಂದಾರ. ಕಾಯಾಕತ್ತೀನಿ. ಹೆದರಿಕಿ ಹೋಗಿಲ್ಲ. ಸ್ಟೋರಿನ ಹಿಂದ ಒಂದು ಬಾಟ್ಲಿ ನಂದಿತ್ತು. ಉಳದಾವು ಯಾರವಂತ ನಾ ಕೇಳೂದಿಲ್ಲ. ಆ ಬಾಟ್ಲಿ ನನ್ನ ಉಳಸಲಿಲ್ಲ, ಇನ್ನೊಂದಿಷ್ಟು ದಿನ ಹೋಗಿದ್ರ ಕೊಲ್ತಿತ್ತು. ಬೋರ್ಡಿನ ಮ್ಯಾಲಿಂದ ಹೆಸರು ತಗಸಾಕ, ಒಳಗ ಇನ್ನೊಂದು ಸಾದಾ ಕೋಣಿ ಕಟ್ಟಸಾಕ ನಾ ಇಲ್ಲಿ ಕುಂತು ಬಡದಾಡ್ತೀನಿ. ಅಜ್ಜನ ಮುಂದ ಹೋಗಾಕ ಮನಸ್ಸಿಲ್ಲದವರು ಕೌಜಲಗಿ ಡಾಕ್ಟ್ರ ಹಂತೇಕ ಹೋಗ್ರಿ, ನಾ ಜೋಡಿ ಬರ್ತೀನಿ. ದಸ್ತಗೀರನ ಅಂಗಡಿ ಎಲ್ಲೈತಿ ಎಲ್ಲರಿಗೂ ಗೊತ್ತೈತಿ. ಇಷ್ಟ.”

ಪರದೆಗಳಲ್ಲಿ ಗಂಡಸರು ನಿಂತಲ್ಲೇ ನಿಂತಿದ್ದರು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಂಪದಾ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು. ತಾನು ತಪ್ಪು ಮಾಡಿದೆನೇನೋ, ಇನ್ನು ಆ ಮೂಲೆ ಬಿಟ್ಟು ಬೇರೊಂದು ಮೂಲೆ ಹುಡುಕುತ್ತಾರೇನೋ ಎಂದುಕೊಂಡು ಉಳವಪ್ಪ ಗುಂಡಿಯಿಂದ ಕೈ ತೆಗೆಯಲು ಹೊರಟ. ಅಷ್ಟರಲ್ಲಿ ಸ್ಪೀಕರು ಕರಕರ ಎಂದಿತು. ಒಳಗಿನಿಂದ ಯಾರೋ ಮೈಕು ಹಿಡಿದಿದ್ದರು. ಮೊದಲು ಬರೀ ಉಸಿರಾಟ ಕೇಳಿಸಿತು. ಆಮೇಲೆ ದಿನಕ್ಕೆ ನಾಲ್ಕು ಮಾತಾಡದ ಗದಿಗೆಪ್ಪನ ದನಿ.

“ಸರ… ರಾತ್ರಿ ನಾಕೈದ ಸಲ ಎದ್ರ… ಎದ್ದೂ ಪೂರಾ ಆಗದಂಗ ಆದ್ರ… ಅದೂ ಇದ ಇರ್ತೈತೇನ್ರಿ?”

ಎಲ್ಲರೂ ಅವನ ಕಡೆ ತಿರುಗಿ ನೋಡಿದರು. ಈ ಸಲ ಯಾರೂ ಮುಖ ತಿರುಗಿಸಲಿಲ್ಲ. ಉಳವಪ್ಪ ಕುರ್ಚಿಯನ್ನು ಮೈಕಿನ ಹತ್ತಿರಕ್ಕೆ ಎಳೆದುಕೊಂಡ.

“ಇರಬಹುದು, ಇರದಿರಬಹುದು ಗದಿಗೆಪ್ಪಾ. ಎಷ್ಟ ದಿನದಿಂದ? ಅವಸರ ಇಲ್ಲ, ಹೇಳು.”